ಗಾಣದ ಅಂದಪ್ಪ ಕರೆಂಟು ಕಲಿತದ್ದು

ಬೇವೂರಿನ ಗಾಣದ ಅಂದಪ್ಪ ಗಂಗಾವತಿಯ ಮಕ್ಬುಲಸಾಬನ ಕಾರ್ಖಾನೆಯ ಬಾಗಿಲಲ್ಲಿ ಬಂದು ನಿಂತಾಗ ಅವನಿಗೆ ಐವತ್ತನಾಲ್ಕು ವರ್ಷ ತುಂಬಿತ್ತು. ಜರ್ಮನಿಯ ಯುದ್ಧ ಇನ್ನೂ ಮುಗಿದಿರಲಿಲ್ಲ. ಸೀಮೆಎಣ್ಣೆ ಸಿಗುತ್ತಿರಲಿಲ್ಲ. ಇದ್ದಿಲ ಹೊಗೆಯಿಂದ ಓಡುವ ಬಸ್ಸು ದಾರಿಯಲ್ಲಿ ಮೂರು ಸಲ ನಿಂತು, ಕೊನೆಗೆ ಮಧ್ಯಾಹ್ನದ ಹೊತ್ತಿಗೆ ಅವನನ್ನು ಇಳಿಸಿತ್ತು. ಹಣೆಯ ಮೇಲೆ ವಿಭೂತಿ, ಎದೆಯ ಮೇಲೆ ಬೆಳ್ಳಿಯ ಕರಡಿಗೆ, ಅದರೊಳಗೆ ಇಷ್ಟಲಿಂಗ, ಬಗಲಲ್ಲಿ ರೊಟ್ಟಿಯ ಗಂಟು.

ಕಾರ್ಖಾನೆ ಎಂದರೆ ಅಕ್ಕಿ ಗಿರಣಿಯ ಹಿಂದಿನ ಒಂದು ತಗಡಿನ ಚಪ್ಪರ. ಆ ಕಾಲಕ್ಕೆ ನಮ್ಮ ಸೀಮೆಯಲ್ಲಿ ಬೀದಿಗೆ ದೀಪವಿರಲಿಲ್ಲ. ಗಿರಣಿಯ ಸಾಹುಕಾರರು ಎಂಜಿನ್ನಿಗೆ ಡೈನಮೋ ಜೋಡಿಸಿ ತಮ್ಮ ಗಿರಣಿಯ ಮಟ್ಟಿಗೆ ಕರೆಂಟು ಮಾಡಿಕೊಳ್ಳುತ್ತಿದ್ದರು. ಹೈದರಾಬಾದಿನಲ್ಲಿ ಕಲಿತು ಬಂದ ಮಕ್ಬುಲಸಾಬ ಅಂಥ ಕಡೆ ತಂತಿ ಎಳೆಯುತ್ತಿದ್ದ, ನಾಲ್ಕಾರು ಮಂದಿಗೆ ಕೆಲಸವನ್ನೂ ಕಲಿಸುತ್ತಿದ್ದ. ಇವನಿಗೆ ಕೆಲಸ ಬರುತ್ತದೆ ಎಂದು ಅವನು ಒಂದು ಚೀಟಿ ಬರೆದುಕೊಟ್ಟರೆ ಕೊಪ್ಪಳ, ಕುಷ್ಟಗಿ, ಯಲಬುರ್ಗಾ ಎಲ್ಲಿ ಹೋದರೂ ನಡೆಯುತ್ತಿತ್ತು. ಚೀಟಿ ಇಲ್ಲದವನನ್ನು ಯಾರೂ ತಂತಿಯ ಹತ್ತಿರ ಬಿಡುತ್ತಿರಲಿಲ್ಲ.

“ಗಿರಣಿ ಬಾಗಲಾ ಆ ಕಡಿ ಐತ್ರಿ ಅಜ್ಜಾರ,” ಎಂದ ಮಕ್ಬುಲಸಾಬ, ಕೈಯ ಕೆಲಸದಿಂದ ತಲೆ ಎತ್ತದೆ.

“ಗಿರಣಿ ಬ್ಯಾಡ್ರಿ. ಕರೆಂಟಿನ ಕೆಲಸ ಕಲಿಯಾಕ ಬಂದೀನಿ.”

“ಮಗನ್ನ ಕರಕೊಂಡು ಬಂದೀರೇನು? ಎಲ್ಲಿ ಅದಾನ?”

“ಮಗ ಮಣ್ಣಾಗ ಅದಾನ್ರಿ. ಕಲಿಯಾಂವ ನಾನ, ಬೇವೂರ ಗಾಣದ ಅಂದಪ್ಪ.”

ಆಗ ಮಕ್ಬುಲಸಾಬ ತಲೆ ಎತ್ತಿದ. ಬಂದವನ ನರೆತ ಮೀಸೆ, ಎಣ್ಣೆ ಕುಡಿದು ಕಪ್ಪಾದ ಅಂಗೈ ನೋಡಿದ.

“ಈ ವಯಸ್ಸಿಗೆ ನಮ್ಮ ಮಂದಿ ಹಜ್ಜಕ್ಕ ಹೋಗ್ತಾರ, ನಿಮ್ಮ ಮಂದಿ ಶ್ರೀಶೈಲಕ್ಕ ಹೋಗ್ತಾರ. ನೀವು ನನ್ನ ನಿಚ್ಚಣಿಕಿ ಹತ್ತಾಕ ಬಂದೀರಲ್ಲ ಅಂದಪ್ಪನೋರ!”

“ಶ್ರೀಶೈಲ ಎರಡು ಸಲ ಹತ್ತಿ ಬಂದೀನ್ರಿ. ನಿಮ್ಮ ನಿಚ್ಚಣಿಕಿ ಅಷ್ಟು ಎತ್ತರ ಕಾಣೂದಿಲ್ಲ.”

ಅಂದಪ್ಪನಿಗೆ ಒಬ್ಬನೇ ಮಗ, ಗವಿಸಿದ್ದಪ್ಪ. ಗಾಣ ಬೇಡವೆಂದು ಕೊಪ್ಪಳಕ್ಕೆ ಹೋಗಿ ಅಮರಪ್ಪ ಸಾಹುಕಾರರ ಹತ್ತಿಯ ಗಿರಣಿಯಲ್ಲಿ ದೀಪ ನೋಡಿಕೊಳ್ಳುವ ಕೆಲಸಕ್ಕೆ ಸೇರಿದ್ದ. ಯಾರೂ ಅವನಿಗೆ ಕೆಲಸ ಕಲಿಸಿರಲಿಲ್ಲ, ತಾನೇ ನೋಡಿ ನೋಡಿ ಮಾಡುತ್ತಿದ್ದ. ಹುಡುಗನ ಚುರುಕು ಕಂಡು ಅಮರಪ್ಪ ಒಂದು ದೀಪಾವಳಿಗೆ ಅವನಿಗೆ ಬೆಳ್ಳಿಯ ಸರಪಳಿ ಹಾಕಿದ ಬೆಳ್ಳಿಯ ಕರಡಿಗೆ ಮಾಡಿಸಿ ಕೊಟ್ಟಿದ್ದರು. ಮುಂದಿನ ಶ್ರಾವಣದ ಸೋಮವಾರ ನಿಚ್ಚಣಿಕೆ ಹತ್ತಿ, ಸುಟ್ಟ ಬಲ್ಬು ಬಿಚ್ಚಿ, ಕೆಳಗೆ ಕೊಡಲು ಬಗ್ಗಿದವನು ಹಾಗೆಯೇ ಬಿದ್ದ. ಮೈಯಲ್ಲಿ ಒಂದು ಗಾಯವಿಲ್ಲ. ಇಪ್ಪತ್ತೆರಡು ವರ್ಷ.

ಶ್ರಾವಣ ಸೋಮವಾರ, ಎದೆಯ ಮೇಲೆ ಲಿಂಗ, ಶಿವನೇ ತನ್ನೊಳಗೆ ಕರೆದುಕೊಂಡ ಎಂದರು ಅಮರಪ್ಪ. ಊರೆಲ್ಲ ಹೌದು ಎಂದಿತು. ಮಗನ ಲಿಂಗವನ್ನು ಅವನ ಅಂಗೈಯಲ್ಲಿಟ್ಟು ಮಣ್ಣು ಮಾಡಿದರು. ಖಾಲಿ ಕರಡಿಗೆಯನ್ನು ತಂದೆಯ ಕೈಗೆ ಕೊಟ್ಟರು. ಅಂದಪ್ಪ ತನ್ನ ಲಿಂಗವನ್ನು ಅದರೊಳಗಿಟ್ಟು ಕೊರಳಿಗೆ ಹಾಕಿಕೊಂಡ. ರಾತ್ರಿ ಮಲಗಿದರೂ ಅದು ಎದೆಯ ಮೇಲಿರುತ್ತಿತ್ತು, ಮಗನ ಕೈಯೇ ಇದ್ದಂತೆ.

ಅಂದಪ್ಪ ಶಿವಪೂಜೆ ಬಿಟ್ಟವನಲ್ಲ. ಮಗ ಸತ್ತ ಮರುದಿನವೂ ಬಿಡಲಿಲ್ಲ. ಆದರೆ ಹುಡುಗ ಹೇಗೆ ಸತ್ತ ಎಂದು ಕೇಳಿದಾಗಲೆಲ್ಲ ಜನ ಶಿವನ ಹೆಸರು ಹೇಳಿ ಸುಮ್ಮನಾಗುತ್ತಿದ್ದರು. ಎರಡು ವರ್ಷ ಕೇಳಿ ಕೇಳಿ ಅವನಿಗೆ ಸಾಕಾಯಿತು. ಗಾಣವನ್ನು ತಮ್ಮನಿಗೆ ಒಪ್ಪಿಸಿ ಬಸ್ಸು ಹತ್ತಿದ.

“ಅಂವಾ ಹೆಂಗ ಸತ್ತ ಅಂತ ಯಾರೂ ಹೇಳವಲ್ರು. ಕೆಲಸ ಕಲತು ನಾನ ತಿಳಕೋತೀನಿ. ತಿಳಕೊಂಡಿಂದ ಆ ಕೆಲಸ ನಾನ ಮಾಡ್ತೀನಿ. ನಿಮ್ಮ ಚೀಟಿ ತಗೊಂಡ ಹೋಗಾಂವ,” ಎಂದ ಅಂದಪ್ಪ.

ಮಕ್ಬುಲಸಾಬ ಸ್ವಲ್ಪ ಹೊತ್ತು ಇಕ್ಕಳವನ್ನು ಕೈಯಲ್ಲಿ ತಿರುವಿದ. “ಆರು ತಿಂಗಳು ನೋಡೂಣು. ಬರಲಿಲ್ಲಂದ್ರ ಬರಲಿಲ್ಲ ಅಂತೀನಿ. ಸಿಟ್ಟು ಮಾಡಬಾರ್ದು.”

“ಬರಲಿಲ್ಲಂದ್ರ ಇನ್ನ ಆರು ತಿಂಗಳು ಇರ್ತೀನಿ. ನೀವೂ ಸಿಟ್ಟು ಮಾಡಬಾರ್ದು.”

ಕಲಿಯುವವರಲ್ಲಿ ಉಳಿದವರೆಲ್ಲ ಇಪ್ಪತ್ತು ಇಪ್ಪತ್ತೈದರವರು. ಅವರಲ್ಲಿ ಹುಲಿಗೆಪ್ಪನ ಬಾಯಿ ದೊಡ್ಡದು. “ಯಜಮಾನಾ, ಗಾಣದಾಗ ಎತ್ತು ತಿರಗತಿತ್ತು, ಇಲ್ಲಿ ನೀನ ತಿರಗಾಕತ್ತಿ ನೋಡು,” ಎಂದು ನಕ್ಕ.

“ಎತ್ತಿನ ಕಣ್ಣು ಕಟ್ಟಿರ್ತೀವೋ ಹುಲಿಗೆಪ್ಪ. ನನ್ನವು ತೆರದಾವ. ನಿನ್ನವು ನೋಡ್ಕೊ, ತಂತಿ ತಿರುಗಾ ಮುರುಗಾ ಹಾಕೀದಿ.”

ಹುಲಿಗೆಪ್ಪ ನೋಡಿದ. ನಿಜವಾಗಿಯೂ ಹಾಕಿದ್ದ.

ಸಣ್ಣ ತಿರುಪುಗಳು ಕಾಣದೆ ಅಂದಪ್ಪ ಸಂತೆಯಲ್ಲಿ ಕನ್ನಡಕ ಕೊಂಡ. ಬೆರಳುಗಳು ಮೊದಮೊದಲು ಮಾತು ಕೇಳಲಿಲ್ಲ. ಆದರೆ ಮೂವತ್ತು ವರ್ಷ ಗಾಣದ ಕಣ್ಣಿ ಬಿಗಿದ ಕೈಗೆ ಯಾವ ಗಂಟು ಸಡಿಲ, ಯಾವುದು ಬಿಗಿ ಎಂಬುದು ಕತ್ತಲಲ್ಲೂ ತಿಳಿಯುತ್ತಿತ್ತು. ಅವನು ಹೆಣೆದ ತಂತಿಯ ಜೋಡಣೆಯನ್ನು ಮಕ್ಬುಲಸಾಬ ಜಗ್ಗಿ ನೋಡಿ, ಏನೂ ಹೇಳದೆ ಮುಂದೆ ಹೋಗುತ್ತಿದ್ದ. ಅದೇ ಅವನ ಶಾಬಾಸ್.

ಒಂದು ಅಭ್ಯಾಸ ಮಾತ್ರ ಅಂದಪ್ಪನಿಗೆ ಬಿಡದು. ದೀಪ ಹತ್ತಿದ ಕೂಡಲೆ ಕಣ್ಣು ಮುಚ್ಚಿ ಕೈ ಮುಗಿಯುತ್ತಿದ್ದ. ಒಂದು ದಿನ ಮಕ್ಬುಲಸಾಬ ಗದರಿದ. “ಕರೆಂಟಿನ ಮುಂದ ಕಣ್ಣು ಮುಚ್ಚಬ್ಯಾಡ್ರಿ! ಕೈ ಮುಗೀರಿ, ಬ್ಯಾಡನ್ನಂಗಿಲ್ಲ. ಕಣ್ಣು ತೆಗದು ಮುಗೀರಿ.” ಅಂದಿನಿಂದ ಅಂದಪ್ಪ ಕಣ್ಣು ತೆರೆದೇ ಕೈ ಮುಗಿದ.

ನಾಲ್ಕನೆಯ ತಿಂಗಳಲ್ಲಿ ಒಂದು ಪಾಠ ಬಂತು. ಮಕ್ಬುಲಸಾಬ ಒಂದು ಸರಪಳಿಯ ತುದಿಯನ್ನು ಹಸಿ ನೆಲದಲ್ಲಿ ಹುಗಿದ ಕಬ್ಬಿಣದ ಸಲಾಕೆಗೆ ಕಟ್ಟಿದ. ಸರಪಳಿಯನ್ನು ಮೇಲಿನ ಕಟ್ಟಿಗೆಯ ತೊಲೆಯ ಮೇಲೆ ಹಾಯಿಸಿ, ಇನ್ನೊಂದು ತುದಿಗೆ ಬೀಗದ ಕೈಯೊಂದನ್ನು ಜೋತು ಬಿಟ್ಟ. ಸಿಪ್ಪೆ ತೆಗೆದ ತಂತಿಯಲ್ಲಿ ಕರೆಂಟು ಹರಿಸಿ, ಒಣ ಕೋಲಿನಿಂದ ಬೀಗದ ಕೈಯನ್ನು ತೂಗಿದ. ಅದು ಹೋಗಿ ತಂತಿಗೆ ತಾಗಿದ್ದೇ ತಡ, ಚಟಾರನೆ ನೀಲಿ ಕಿಡಿ ಹಾರಿತು.

“ನೋಡಿದ್ರಿ? ಆ ಸಲಾಕಿ ಜಾಗಾದಾಗ ಕಬ್ಬಿಣದ ನಿಚ್ಚಣಿಕಿ ಇತ್ತಂತ ತಿಳಕೋರಿ, ನಡುವ ಮನಷ್ಯಾ ಅದಾನಂತ ತಿಳಕೋರಿ. ಅದಕ್ಕ ನಾನು ಉಂಗುರ ಹಾಕೂದಿಲ್ಲ. ನಮ್ಮವ್ವ ಕಟ್ಟಿದ ತಾಯತಾ ಸುದ್ದಾ ತೆಗದಿಟ್ಟೀನಿ.”

ಬೀಗದ ಕೈಯನ್ನು ಎಲ್ಲರಿಗೂ ತೋರಿಸಿದ. ತಾಗಿದ ಕಡೆ ಎಳ್ಳಿನಷ್ಟು ಕರಿ ಚುಕ್ಕೆ, ಸಣ್ಣ ತಗ್ಗು.

ಅಂದಪ್ಪ ಅದನ್ನು ಬಹಳ ಹೊತ್ತು ಹಿಡಿದುಕೊಂಡಿದ್ದ. ಆಮೇಲೆ ಎದೆಯ ಮೇಲಿನ ಕರಡಿಗೆಯನ್ನು ತಿರುವಿ ಅದರ ತಳ ನೋಡಿದ. ಅಲ್ಲಿಯೂ ಒಂದು ಕರಿ ಚುಕ್ಕೆ, ಸಣ್ಣ ತಗ್ಗು. ಎರಡು ವರ್ಷ ದಿನವೂ ವಿಭೂತಿಯಿಂದ ಉಜ್ಜಿದರೂ ಹೋಗದ ಆ ಕಲೆಯನ್ನು ಅವನು ದೀಪದ ಮಸಿ ಎಂದುಕೊಂಡಿದ್ದ.

“ನಿಚ್ಚಣಿಕಿ ಕಬ್ಬಿಣದ್ದ ಇತ್ರಿ,” ಎಂದ. “ಬಗ್ಗಿದಾಗ ಇದು ಜೋತು ಬಿದ್ದೈತಿ.”

ಮಕ್ಬುಲಸಾಬ ನೋಡಿದ. “ಯಾ ಅಲ್ಲಾ,” ಎಂದು ಅಲ್ಲಿಯೇ ಕುಳಿತ.

ಮರುದಿನ ಉಸ್ತಾದ ಮಕ್ಬುಲಸಾಬ ತನ್ನ ಮಾತನ್ನು ಖಡಾಖಡಿ ಹೇಳಿದ. “ನಿಮ್ಮ ದೇವ್ರ ಮ್ಯಾಲ ನನಗ ಗೌರವ ಐತಿ. ಆದ್ರ ನಿಚ್ಚಣಿಕಿ ಹತ್ತೂ ಮುಂದ ಅದನ್ನ ತೆಗದು ಗೂಟಕ್ಕ ಹಾಕ್ರಿ. ಇಲ್ಲಂದ್ರ ಹತ್ತಬ್ಯಾಡ್ರಿ, ನಾ ಚೀಟಿ ಬರಿಯಂಗಿಲ್ಲ.”

“ಉಸಿರು ಇರೂತನಕ ಲಿಂಗ ಮೈ ಬಿಡಂಗಿಲ್ರಿ.”

“ಹಂಗಾದ್ರ ಊರಿಗೆ ಹೋಗ್ರಿ.”

“ಹೋಗ್ತೀನಿ. ನಾಕು ದಿನಕ್ಕ ಬರ್ತೀನಿ. ಲಿಂಗಾನೂ ಬರತೈತಿ, ಚೀಟೀನೂ ಬರೀತೀರಿ.”

ಬೇವೂರಿಗೆ ಹೋಗಿ ಹೆಂಡತಿ ವಿರೂಪಾಕ್ಷಮ್ಮನಿಗೆ ಆ ಕಲೆ ತೋರಿಸಿದ. ಅವಳು ಅಳುತ್ತಾಳೆ ಎಂದುಕೊಂಡಿದ್ದ. ಅವಳು ಅಳಲಿಲ್ಲ. ಒಳಗೆ ಹೋಗಿ ಹೊಸ ಧೋತರದ ಅಂಚಿಲ್ಲದ ಕಡೆ ಒಂದು ಗೇಣು ಹರಿದಳು.

“ಲಿಂಗ ಮೈಮ್ಯಾಲಿರಬೇಕು ಅಂತ ಗುರುಗಳು ಹೇಳ್ಯಾರ. ಬೆಳ್ಳ್ಯಾಗ ಇರಬೇಕು ಅಂತ ಯಾರು ಹೇಳ್ಯಾರ? ನಮ್ಮಪ್ಪ ಸಾಯೂತನಕ ಅರಿವ್ಯಾಗ ಕಟ್ಟಿದ್ದ. ಅವನ ಲಿಂಗ ಏನು ಸಣ್ಣದಾಗಿತ್ತಾ?” ಎಂದಳು. ಬಟ್ಟೆಯನ್ನು ಏಳು ಮಡಿಕೆ ಮಾಡಿ ಹೊಲಿದು, ನೂಲಿನ ದಾರ ಹಾಕಿದಳು. ಖಾಲಿಯಾದ ಬೆಳ್ಳಿಯ ಕರಡಿಗೆಯನ್ನು ಕೊರಳಿನಿಂದ ತೆಗೆಯಲು ಅಂದಪ್ಪನಿಗೆ ಮನಸ್ಸು ಬರಲಿಲ್ಲ. ಅದನ್ನು ಅವಳೇ ತೆಗೆದಳು.

ಬಟ್ಟೆಯಲ್ಲಿಟ್ಟ ಲಿಂಗವನ್ನು ಅಂಗಿಯೊಳಗೆ ಎದೆಗೆ ಬಿಗಿದು ಕಟ್ಟಿಕೊಂಡು ಗಂಗಾವತಿಗೆ ಮರಳಿದ. ಮಕ್ಬುಲಸಾಬ ಅವನನ್ನು ನಿಚ್ಚಣಿಕೆಯ ಮೇಲೆ ಹತ್ತಿಸಿ ಬಗ್ಗಿಸಿದ, ತಿರುಗಿಸಿದ, ಮತ್ತೆ ಬಗ್ಗಿಸಿದ. ಏನೂ ಜೋತು ಬೀಳಲಿಲ್ಲ.

“ಛಲೋ ಐತಿ,” ಎಂದ. “ಯಾರು ಹೊಲದಾರ?”

“ನನ್ನ ಹೇಣ್ತಿ.”

“ಆಕಿ ಉಸ್ತಾದ್ ಅದಾಳ.”

ಆರನೆಯ ತಿಂಗಳ ಕೊನೆಗೆ ಪರೀಕ್ಷೆ ಬಂತು. ಅಮರಪ್ಪನವರ ಗಿರಣಿಯ ದೀಪ ಎರಡೂವರೆ ವರ್ಷದಿಂದ ಹತ್ತಿರಲಿಲ್ಲ. ಆ ನಿಚ್ಚಣಿಕೆ ಹತ್ತಲು ಯಾರೂ ಒಪ್ಪಿರಲಿಲ್ಲ. ಈಗ ಹತ್ತಿಯ ಸುಗ್ಗಿ, ಹೊತ್ತು ಮುಳುಗಿದ ಮೇಲೂ ಗಿರಣಿ ನಡೆಯಬೇಕು ಎಂದು ಮಕ್ಬುಲಸಾಬನಿಗೆ ಹೇಳಿ ಕಳಿಸಿದ್ದರು.

“ಬ್ಯಾರೆ ಗಿರಣಿ ಬೇಕಂದ್ರ ಹೇಳ್ರಿ,” ಎಂದ ಮಕ್ಬುಲಸಾಬ.

“ಇದ ಬೇಕು,” ಎಂದ ಅಂದಪ್ಪ.

ಕೊಪ್ಪಳದ ಆ ಗಿರಣಿಯ ಒಳಗೆ ಕಾಲಿಟ್ಟವನು ನಿಂತುಬಿಟ್ಟ. ಮಗ ಬಿದ್ದ ಜಾಗದ ಕಂಬಕ್ಕೆ ವಿಭೂತಿ ಬಳಿದಿದ್ದರು, ಹೂವು ಏರಿಸಿದ್ದರು. ಕೂಲಿಯವರು ಚಪ್ಪಲಿ ಬಿಟ್ಟು, ಆ ಕಂಬಕ್ಕೆ ಹಣೆ ಹಚ್ಚಿ ಕೆಲಸಕ್ಕೆ ಹೋಗುತ್ತಿದ್ದರು. ಬಾಗಿದ ಒಬ್ಬೊಬ್ಬನ ಎದೆಯಲ್ಲೂ ಒಂದೊಂದು ಬೆಳ್ಳಿಯ ಕರಡಿಗೆ ಜೋತಾಡುತ್ತಿತ್ತು.

ಅಮರಪ್ಪ ಬಂದರು. ಬಿಳಿ ರುಮಾಲು, ಕೈಯಲ್ಲಿ ಬೆತ್ತ. “ಬಾರಪಾ ಅಂದಪ್ಪ. ನಿನ್ನ ಮಗನ್ನ ದೇವ್ರು ಮಾಡಿ ಇಟ್ಟೀವಿ, ನೋಡು,” ಎಂದವರು ಅವನ ಕೊರಳು ನೋಡಿದರು. “ನಾ ಮಾಡಿಸಿದ ಕರಡಿಗಿ ಎಲ್ಲಿ? ಮಾರಿಕೊಂಡ್ಯಾ?”

“ಮನ್ಯಾಗ ಐತ್ರಿ. ಲಿಂಗ ಅರಿವ್ಯಾಗ ಐತಿ.”

“ತಿರಕೊಂಡು ತಿನ್ನಾವ್ರಂಗ! ಹತ್ತು ಮಂದ್ಯಾಗ ನನ್ನ ಮಾನ ಕಳಿಯಾಕ ಬಂದಿಯೇನು?”

“ಆ ಬೆಳ್ಳಿ ತಂತಿಗೆ ತಾಗಿ ನನ್ನ ಮಗ ಸತ್ತ್ರಿ ಸಾಹುಕಾರ್ರ.”

ಅಮರಪ್ಪನವರ ಮುಖ ಕೆಂಪಾಯಿತು. “ಶಿವಾ ಕರಕೊಂಡಾನ ಅಂತ ಊರೆಲ್ಲ—”

“ಶಿವನ ಮ್ಯಾಲ ಹಾಕಬ್ಯಾಡ್ರಿ. ಅಂವಾ ಇಲ್ಲೇ ನನ್ನ ಎದಿ ಮ್ಯಾಲ ಅದಾನ, ಕೇಳಾಕತ್ತಾನ.”

ಅಂದಪ್ಪ ಎಂಜಿನ್ನು ನಿಲ್ಲಿಸಿದ. ಪಿಂಗಾಣಿಯ ಫ್ಯೂಸು ಕಿತ್ತ. ಪರೀಕ್ಷೆಯ ಬಲ್ಬು ಹಿಡಿದು ತಂತಿಯಲ್ಲಿ ಜೀವವಿಲ್ಲವೆಂದು ಎರಡು ಸಲ ನೋಡಿಕೊಂಡ. ಕಟ್ಟಿಗೆಯ ನಿಚ್ಚಣಿಕೆ ಇಟ್ಟು ಮೇಲೆ ಹೋದ.

ಮೇಲೆ ತಂತಿ ಒಂದು ಗೇಣಿನಷ್ಟು ಬತ್ತಲಾಗಿತ್ತು. ಇಲಿ ಕಡಿದದ್ದೋ ಬಿಸಿಲಿಗೆ ಸುಲಿದದ್ದೋ, ತಾಮ್ರ ಹಾಗೆಯೇ ಹೊಳೆಯುತ್ತಿತ್ತು. ಮಗನ ಜೀವ ತೆಗೆದ ತಂತಿ ಅದೇ. ಅದಕ್ಕೂ ಯಾರೋ ಕೆಳಗಿನಿಂದಲೇ ಕೋಲಿನ ತುದಿಯಿಂದ ಒಂದು ಸೇವಂತಿಗೆಯ ಸರ ಏರಿಸಿದ್ದರು, ಹೂವು ಒಣಗಿ ದಾರ ಉಳಿದಿತ್ತು. ಎರಡೂವರೆ ವರ್ಷ ದಿನವೂ ಪೂಜೆ ಮಾಡಿದವರು ಒಂದು ಗೇಣು ರಬ್ಬರ್ ಪಟ್ಟಿ ಸುತ್ತಿರಲಿಲ್ಲ. ಅಂದಪ್ಪ ತೊಲೆಯನ್ನು ಹಿಡಿದುಕೊಂಡ. ಕೆಳಗಿನವರಿಗೆ ಅವನ ಮುಖ ಕಾಣಲಿಲ್ಲ. ಆಮೇಲೆ ದಾರ ಕಿತ್ತು ಎಸೆದ, ಪಟ್ಟಿ ಸುತ್ತಿದ, ಹೊಸ ಬಲ್ಬು ಹಾಕಿದ. ತೊಲೆಯುದ್ದಕ್ಕೂ ಕಣ್ಣಾಡಿಸಿದ. ಅಂಥ ಬತ್ತಲು ಇನ್ನೂ ನಾಲ್ಕು ಕಡೆ ಇತ್ತು.

ಇಳಿದು ಬಂದು ಫ್ಯೂಸು ಹಾಕಿ ಎಂಜಿನ್ನು ನಡೆಸಿದ. ಬಲ್ಬು ಹತ್ತಿತು. ಕೂಲಿಯವರು ಕೈ ಮುಗಿದರು.

“ಶಾಬಾಸ್! ಇವತ್ತ ಸಂಜಿಯಿಂದ ಗಿರಣಿ ಚಾಲೂ,” ಎಂದರು ಅಮರಪ್ಪ.

ಅಂದಪ್ಪ ಫ್ಯೂಸು ಕಿತ್ತ. ಬೆಳಕು ಹೋಯಿತು.

“ಇಲ್ರಿ. ತಂತಿ ಪೂರಾ ಹಳೇದಾಗೈತಿ. ಹೊಸಾ ತಂತಿ ತರಸ್ರಿ. ಅಲ್ಲೀತನಕ ದೀಪ ಇಲ್ಲ. ಮತ್ತ ಈ ತಂತಿ ಕೆಳಗ ದುಡಿಯಾವ್ರು ಬೆಳ್ಳಿ ಹಾಕ್ಕೊಂಡು ಬರಬಾರ್ದು.”

“ನನ್ನ ಗಿರಣ್ಯಾಗ ನಿಂದೇನೋ ಹುಕುಂ?” ಅಮರಪ್ಪ ಬೆತ್ತ ನೆಲಕ್ಕೆ ಕುಟ್ಟಿ ಮಕ್ಬುಲಸಾಬನ ಕಡೆ ತಿರುಗಿದರು. “ಉಸ್ತಾದ್, ದೀಪ ಹಚ್ಚಾಕ ಹೇಳು. ಇಲ್ಲಂದ್ರ ಈ ಮುದುಕಗ ಚೀಟಿ ಕೊಡಬ್ಯಾಡ. ಕೊಟ್ಟಿ ಅಂದ್ರ ಈ ಸೀಮ್ಯಾಗ ನಿನಗ ಒಂದು ಗಿರಣಿ ಕೆಲಸ ಸಿಗಂಗಿಲ್ಲ.”

ಮಕ್ಬುಲಸಾಬ ಬೆವರು ಒರೆಸಿಕೊಂಡ. ಅವನಿಗೆ ಐದು ಮಕ್ಕಳು. ಮೆಲ್ಲಗೆ ಹತ್ತಿರ ಬಂದ. “ಅಂದಪ್ಪನೋರ, ಫ್ಯೂಸು ಹಾಕಿಬಿಡ್ರಿ. ಚೀಟಿ ಈಗ ಬರೀತೀನಿ. ತಂತಿ ಆಮ್ಯಾಲ ನೋಡೂಣು.”

ಆರು ತಿಂಗಳು ಕನ್ನಡಕದೊಳಗೆ ಕಣ್ಣು ಬಿಟ್ಟು ಕಲಿತದ್ದು ಆ ಚೀಟಿಗಾಗಿ. ಅಂದಪ್ಪ ಅದನ್ನು ಮರೆತಿರಲಿಲ್ಲ.

“ಚೀಟಿ ನಿಮ್ಮ ಕಿಸೇದಾಗ ಇರ್ಲಿ ಉಸ್ತಾದ್,” ಎಂದ. “ಫ್ಯೂಸು ನನ್ನ ಕಿಸೇದಾಗ ಇರತೈತಿ.”

ಹೋಗಿ ಗಿರಣಿಯ ಕಟ್ಟೆಯ ಮೇಲೆ ಕುಳಿತ. ಅಮರಪ್ಪ ಬೈದರು. ಊರ ಹಿರಿಯರನ್ನು ಕರೆಸಿ ಹೇಳಿಸಿದರು. ಅಂದಪ್ಪ ಎಲ್ಲರಿಗೂ ಶರಣು ಹೇಳಿದ, ಫ್ಯೂಸು ಕೊಡಲಿಲ್ಲ. ಬೇರೆ ಫ್ಯೂಸು ತರಿಸಬಹುದಾಗಿತ್ತು, ಆದರೆ ಅದನ್ನು ಹಾಕುವವರು ಯಾರು? ಕೂಲಿಯವರಲ್ಲಿ ಒಬ್ಬನೂ ಮುಂದೆ ಬರಲಿಲ್ಲ. ಮಕ್ಬುಲಸಾಬನನ್ನು ಕೇಳಿದರು. ಅವನು ಬಹಳ ಹೊತ್ತು ಮೇಲಿನ ತೊಲೆ ನೋಡಿ, “ಅಂವಾ ಹೇಳೂದು ಖರೇ ಐತ್ರಿ ಸಾಹುಕಾರ್ರ,” ಎಂದು ಬಂದು ಕಟ್ಟೆಯ ಮೇಲೆ ಅಂದಪ್ಪನ ಪಕ್ಕದಲ್ಲಿ ಕುಳಿತ.

ಗೋದಾಮಿನಲ್ಲಿ ಹತ್ತಿ ಬೆಟ್ಟವಾಗುತ್ತ ಬಂತು. ಎರಡನೆಯ ದಿನ ಅಮರಪ್ಪ ಹೊಸ ತಂತಿ ತರಲು ಗದಗಿನ ರೈಲಿಗೆ ಆಳು ಕಳಿಸಿದರು. ನಾಲ್ಕನೆಯ ದಿನ ತಂತಿಯ ಸುರುಳಿ ಬಂತು. ಅಂದಪ್ಪ ಹಳೆಯದನ್ನೆಲ್ಲ ಕಿತ್ತು ಹೊಸದು ಎಳೆದ. ನಿಚ್ಚಣಿಕೆ ಹಿಡಿದವನು ಮಕ್ಬುಲಸಾಬನೇ. ಅಷ್ಟರಲ್ಲಿ ಕೂಲಿಯವರಲ್ಲಿ ಮೂವರು ಲಿಂಗವನ್ನು ಬಟ್ಟೆಯಲ್ಲಿ ಕಟ್ಟಿಕೊಂಡು ಬಂದಿದ್ದರು. ಉಳಿದವರು ಬಂದಿರಲಿಲ್ಲ. ಅವರನ್ನು ಅಂದಪ್ಪ ಆ ದಿನ ಒಳಗೆ ಬಿಡಲಿಲ್ಲ.

ದೀಪ ಹತ್ತಿದ ಮೇಲೆ ಮಕ್ಬುಲಸಾಬ ಹತ್ತಿಯ ಮೂಟೆಯ ಮೇಲೆ ಕಾಗದವಿಟ್ಟು ಉರ್ದುವಿನಲ್ಲಿ ನಾಲ್ಕು ಸಾಲು ಬರೆದು ರುಜು ಹಾಕಿದ. ಅಂದಪ್ಪ ಅದನ್ನು ಕಣ್ಣಿಗೆ ಒತ್ತಿಕೊಂಡ. ಆಗ ಮಾತ್ರ ಅವನ ಕಣ್ಣಲ್ಲಿ ನೀರು ಬಂತು.

“ಉಸ್ತಾದ್, ಕುಷ್ಟಗ್ಯಾಗ ಎರಡು ಗಿರಣಿ ಅದಾವಂತಲ್ಲ. ಅಲ್ಲಿ ತಂತಿ ಯಾರು ನೋಡ್ಯಾರ?”

“ಯಾರು ನೋಡ್ತಾರ? ಹಾಕಿದಾಗ ಹಾಕಿದ್ದು.”

“ಹಂಗಾದ್ರ ನಾಳೆ ಬಸ್ಸಿಗೆ ಹೋಗ್ತೀನಿ.”

“ಅವ್ರು ನಿಮ್ಮನ್ನ ಕರದಾರೇನು?”

“ಇಲ್ಲ,” ಎಂದ ಅಂದಪ್ಪ, ಇಕ್ಕಳವನ್ನು ಚೀಲಕ್ಕೆ ಹಾಕುತ್ತ.