ಮಾತಿಗೆ ಮೊದಲ ಮಣೆ

ಯಾತ್ರಿಕರು ಒಳ್ಳೆಯವರೇ, ಆದರೆ ಗಂಗಾ ಆರತಿ ಮುಗಿಸಿ ಬಂದ ಕೂಡಲೇ ಅವರ ಕೈ ಸುಮ್ಮನಿರುವುದಿಲ್ಲ. ತೆಗೆದ ವಿಡಿಯೋವನ್ನೆಲ್ಲ ಊರಿಗೆ ಕಳಿಸಲೇಬೇಕು. ಕಾಶಿಯ ಗೋದೌಲಿಯಾ ಚೌಕದ ಹಿಂದಿನ ಗಲ್ಲಿಯಲ್ಲಿ ಪುರೋಹಿತ ಸಂಕರ್ಷಣಾಚಾರ್ಯರ ಮನೆಯ ಮಹಡಿಯೇ ಅವರ ವಸತಿ. ಇಡೀ ಮನೆಗೆ ಒಂದೇ ವೈಫೈ, ಸಂಜೆಯಾದರೆ ಪಾಪ, ಅದು ಏದುಸಿರು ಬಿಡುತ್ತಿತ್ತು.

ಆಚಾರ್ಯರ ಮಗಳು ಅನ್ವಿತಾಳ ಎಂ.ಟೆಕ್ ಕೆಲಸಕ್ಕೆ ಮನೆಯೇ ಪ್ರಯೋಗಶಾಲೆ. ಇಂಟರ್ನೆಟ್ಟಿನಲ್ಲಿ ಎಲ್ಲವೂ ಸಣ್ಣ ಸಣ್ಣ ಪೊಟ್ಟಣಗಳಾಗಿ ಹೋಗುತ್ತದೆ. ರೂಟರಿನ ಬಾಗಿಲಲ್ಲಿ ಅವು ಸಾಲುಗಟ್ಟುತ್ತವೆ. ಯಾವುದನ್ನು ಮೊದಲು ಬಿಡಬೇಕು? ಮೊದಲು ಬಂದದ್ದನ್ನೇ? ಮಾತು ಹೊತ್ತು ತಂದದ್ದನ್ನೇ? ಇಲ್ಲಾ, ಪಂಕ್ತಿಯಲ್ಲಿ ಬಡಿಸುವಂತೆ ಎಲ್ಲರಿಗೂ ಸರದಿಯೇ? ಒಂದೊಂದನ್ನೂ ಅವಳು ಹಚ್ಚಿ ನೋಡುತ್ತಿದ್ದಳು. ಈ ಸಂಜೆ ಮಾತಿಗೆ ಮೊದಲ ಮಣೆ ಹಾಕಿದ್ದೇ ತಡ, ಮನೆಯ ಕರೆಗಳೆಲ್ಲ ಪಕ್ಕದಲ್ಲಿ ಕೂತು ಮಾತಾಡಿದ ಹಾಗೆ ಕೇಳಿದವು. ಗೆದ್ದೆನೆಂದು ಹುಡುಗಿ ಹಿಗ್ಗಿದಳು.

ಆ ಹಿಗ್ಗನ್ನು ಇಳಿಸಿದ್ದು ಕೆಳಗಿನ ಕೋಣೆಯ ನಂಜಮ್ಮ. ಕಾಶಿಯಲ್ಲೇ ಕಣ್ಣು ಮುಚ್ಚುತ್ತೇನೆಂದು ಬಂದು ನೆಲೆಸಿದ ಮುದುಕಿ. ಊರಲ್ಲಿದ್ದ ತಂಗಿ ಸಂಗಮ್ಮನಿಗೆ ಮರುದಿನ ತಲೆಯ ಆಪರೇಷನ್. ಅದಕ್ಕೆ ಮುಂಚೆ ಅವಳನ್ನು ಒಂದು ಮಾತು ಕೇಳಲೇಬೇಕಿತ್ತು.

"ಕೂಸೇ, ಇವತ್ತು ನಿನ್ ವೈಫೈ ಸರಿಯಿಲ್ಲ ಕಣವ್ವ. ನಿನ್ನೆದೇ ವಾಸಿ."

"ಅರೇ, ಆವಾಜ್ ಎಷ್ಟು ಸಾಫ್ ಬರ್ತಿದೆ ಅಜ್ಜಿ!"

"ಯಾರ್ ಆವಾಜು? ಲಕ್ವ ಹೊಡೆದ್ಮೇಲೆ ಅವ್ಳಿಗೆ ಮಾತೆಲ್ಲಿ ಬತ್ತದೆ? ಮೊಕ ನೋಡ್ಕಂಡೇ ನಾನು ತಿಳ್ಕಳ್ಳದು. ಆ ಮೊಕವೇ ಫೋನಲ್ಲಿ ಕಲ್ಲಾಗಿ ಕುಂತದೆ."

ಅನ್ವಿತಾಳಿಗೆ ನಾಚಿಕೆಯಾಯಿತು. ಮಾತುಳ್ಳವರಿಗೆ ಮಣೆ ಹಾಕುವ ಭರದಲ್ಲಿ, ಮಾತಿಲ್ಲದವಳ ಮುಖವನ್ನು ಯಾತ್ರಿಕರ ವಿಡಿಯೋಗಳ ಹಿಂದೆ ತಳ್ಳಿಬಿಟ್ಟಿದ್ದಳು. ದನಿಯನ್ನಷ್ಟೇ ಅಳೆಯುವ ಅವಳ ಲೆಕ್ಕದಲ್ಲಿ ಅದು ಕಾಣುವಂಥದ್ದಲ್ಲ. ಲ್ಯಾಪ್‌ಟಾಪ್ ಎಳೆದುಕೊಂಡು ಕ್ರಮ ಬದಲಿಸಿದಳು: ಎಲ್ಲರಿಗೂ ಸರದಿ.

"ಅಯ್ಯೋ, ನಮ್ ವಿಡಿಯೋ ನಿಧಾನ ಆಯ್ತಲ್ಲ!" ಎಂದು ಮಹಡಿಯಿಂದ ಯಾರೋ ಕೂಗಿದರು.

"ಹೋಗತ್ತೆ, ತಾಳಿ," ಎಂದಳು ಅನ್ವಿತಾ.

ಪರದೆಯ ಮೇಲೆ ಸಂಗಮ್ಮ ಮಿಸುಕಿದಳು. ನಂಜಮ್ಮ ಫೋನನ್ನು ಮೂಗಿನ ಹತ್ತಿರ ತಂದು, ಇಷ್ಟು ದಿನ ಗಂಟಲಲ್ಲೇ ಇಟ್ಟುಕೊಂಡಿದ್ದನ್ನು ಕೇಳಿಯೇಬಿಟ್ಟಳು.

"ಸಂಗೀ, ನಿನ್ನ ಬಿಟ್ಟು ಇಲ್ಲಿಗೆ ಬಂದ್ಬುಟ್ನಲ್ಲ, ಸಿಟ್ಟೇನೇ?"

ಸಂಗಮ್ಮ ಅಕ್ಕನನ್ನೇ ದಿಟ್ಟಿಸುತ್ತ ಸೊಟ್ಟಗಾಗಿದ್ದ ಬಾಯನ್ನು ಕಷ್ಟಪಟ್ಟು ತೆರೆದು, ನಾಲಿಗೆ ಚಾಚಿ ಅಣಕಿಸಿದಳು.

"ಥೂ, ಕಳ್ಳಿ!" ಎಂದು ನಂಜಮ್ಮ ನಕ್ಕಳು, ನಗುತ್ತಲೇ ಅತ್ತಳು. ಸೆರಗಿನಿಂದ ಕಣ್ಣೊರೆಸಿಕೊಂಡು ತಾನೂ ನಾಲಿಗೆ ಚಾಚಿದಳು. ಕಾಶಿಯಿಂದ ಊರಿಗೆ ಅದು ಎಲ್ಲೂ ತಡೆಯದೆ ತಲುಪಿತು.