ಮೈನಸ್ ಇರಬೇಕಾದ ಜಾಗ

೧

ಯಂತ್ರದಿಂದ ಶುರು ಮಾಡಲೇ, ಮೆಲಾನಿಯಾಳಿಂದಲೇ? ಯಂತ್ರದಿಂದ ಶುರು ಮಾಡಿದರೆ ನೀವು ಆಕಳಿಸುತ್ತೀರಿ: ಬಲ್ಬಿನಂತೆ ಉರಿಯುವ ಆರು ಸಾವಿರ ಗಾಜಿನ ವಾಲ್ವುಗಳು, ಇಡೀ ಒಂದು ಹಜಾರ, ಇಂದಿನ ಅಗ್ಗದ ಕೈಗಡಿಯಾರಕ್ಕೂ ಸಾಟಿಯಾಗದ ಬುದ್ಧಿ. ಇತಿಹಾಸದ ಪುಸ್ತಕಗಳು ಇಂಥ ಮೊದಮೊದಲ ಕಂಪ್ಯೂಟರುಗಳಿಗೆ ಒಂದು ಪ್ಯಾರಾ ಕೊಟ್ಟು ಮುಂದೆ ಹೋಗುತ್ತವೆ. ಆ ಪ್ಯಾರಾದಲ್ಲಿ ಮೆಲಾನಿಯಾ ಇಲ್ಲ. ಹಾಗಾಗಿ ಅವಳಿಂದಲೇ.

೨

೧೯೫೧ರ ಚಳಿಗಾಲ. ಕೀವ್ ಪಟ್ಟಣದಾಚೆಯ ಓಕ್ ಕಾಡಿನಲ್ಲಿ, ಯುದ್ಧದಲ್ಲಿ ಅರ್ಧ ಕುಸಿದು ಮತ್ತೆ ಎದ್ದು ನಿಂತ ಎರಡಂತಸ್ತಿನ ಕಟ್ಟಡ. ಕೆಳಗೆ ಯಂತ್ರ, ಮೇಲೆ ಮೆಲಾನಿಯಾ ಪೆಟ್ರಿವ್ನಾ. ನಲವತ್ತು ದಾಟಿದ ವಿಧವೆ. ವಿಜ್ಞಾನಿಗಳು ಕೊಟ್ಟ ಲೆಕ್ಕಗಳನ್ನು ಹಿಡಿಕೆ ತಿರುಗಿಸುವ ಪುಟ್ಟ ಕ್ಯಾಲ್ಕುಲೇಟರಿನ ಮೇಲೆ ಮಾಡಿಕೊಡುವುದು ಅವಳ ಉದ್ಯೋಗ. (ವಿಧವೆ ಎಂದೊಡನೆ ಮರುಗಲು ಸಿದ್ಧರಾದಿರಿ. ಬೇಡ, ಅದು ಅವಳಿಗೆ ಸೇರುವುದಿಲ್ಲ.)

ಹಿಮ ಬಿದ್ದಾಗ ಕಟ್ಟಡದಲ್ಲಿ ವಾಲ್ವುಗಳ ಕಾವಿನಿಂದ ಬೆಚ್ಚಗಿರುತ್ತಿದ್ದುದು ಯಂತ್ರದ ಹಜಾರ ಒಂದೇ. ಎಲ್ಲರೂ ಏನಾದರೊಂದು ನೆಪ ಮಾಡಿಕೊಂಡು ಹೋಗಿ ಕೈಗವಸು ಒಣಗಿಸಿಕೊಂಡು ಬರುತ್ತಿದ್ದರು. ಮೆಲಾನಿಯಾ ಮಾತ್ರ ಹೋಗುತ್ತಿರಲಿಲ್ಲ. ತನ್ನ ಅನ್ನಕ್ಕೆ ಕಲ್ಲು ಹಾಕಲು ಬಂದದ್ದರ ಮುಂದೆ ಮೈ ಕಾಯಿಸಿಕೊಳ್ಳುವುದು ಹೇಗೆ?

೩

ದೂರದ ಅಣೆಕಟ್ಟಿನಿಂದ ವಿದ್ಯುತ್ ತರುವ ತಂತಿಯ ಲೆಕ್ಕವೊಂದನ್ನು ಯಂತ್ರಕ್ಕೂ ಅವಳಿಗೂ ಕೊಟ್ಟರು. ಎರಡು ಬೇರೆ ಬೇರೆ ಉತ್ತರ ಬಂದವು. ಅವಳ ಲೆಕ್ಕ ತಪ್ಪೀತೆಂದು ಯಾರಿಗೂ ಹೊಳೆಯಲಿಲ್ಲ. ಯಂತ್ರ ನೋಡಿಕೊಳ್ಳುವ ಎಂಜಿನಿಯರ್ ಓಸ್ತಾಪ್ ನಿದ್ದೆಗೆಟ್ಟು ವಾಲ್ವುಗಳನ್ನು ಕಿತ್ತು ಕಿತ್ತು ಪರೀಕ್ಷಿಸಿದ. ಶನಿವಾರ ಮಾಸ್ಕೋದಿಂದ ತಪಾಸಣೆಯವರು ಬರುವವರಿದ್ದರು. ಅಷ್ಟರೊಳಗೆ ಸರಿಹೋಗದಿದ್ದರೆ ಯಂತ್ರವನ್ನು ಬಿಚ್ಚಿಬಿಡುವುದೆಂದು ಮಾತಾಗಿತ್ತು.

ಶುಕ್ರವಾರ ಮಧ್ಯಾಹ್ನ ಮೆಲಾನಿಯಾ ಸುಮ್ಮನೆ ತನ್ನ ಸಮಾಧಾನಕ್ಕೆಂದು ಲೆಕ್ಕವನ್ನು ಮೊದಲಿನಿಂದ ಮಾಡಿದಳು. ನಡುವೆ ಒಂದೆಡೆ ಮೈನಸ್ ಇರಬೇಕಾದ ಜಾಗದಲ್ಲಿ ಪ್ಲಸ್ ಬರೆದಿದ್ದಳು. ಯಂತ್ರವೇ ಸರಿಯಾಗಿತ್ತು.

೪ (ಹರಿದು ಹಾಕಿದ ಕರಡು)

ಇಲ್ಲಿ ನಾನು ಅವಳ ಕೈಯಿಂದ ಆ ಹಾಳೆಯನ್ನು ಒಲೆಗೆ ಹಾಕಿಸಿದ್ದೆ. ಜ್ವಾಲೆಗೀಲೆ ಎಂದು ಚೆಂದವಾಗಿಯೇ ಬರೆದಿದ್ದೆ. ಅವಳು ಒಪ್ಪಲಿಲ್ಲ.

"ಈ ಒಲೆ ಸೌದೆ ಕಂಡು ಎಷ್ಟು ದಿನ ಆಯ್ತು ಗೊತ್ತಾ? ಕತೆ ಬರೆಯೋರು ಒಂದ್ಸಲ ರೂಮೊಳಗೆ ಬಂದು ನೋಡ್ಬಾರ್ದಾ?"

ಸರಿ, ಓಸ್ತಾಪನ ಮೇಲಿನ ಪ್ರೀತಿಯಿಂದ ನಿಜ ಹೇಳಿಬಿಡಲಿ ಎಂದೆ. ಅವನು ತನ್ನ ಕೊನೆಯ ತಮ್ಮನ ವಯಸ್ಸಿನವನು, ಮೇಲಾಗಿ ಮೂರು ಹೊತ್ತೂ ಬೆಳ್ಳುಳ್ಳಿ ತಿನ್ನುತ್ತಾನೆ ಎಂದು ಆ ದಾರಿಯನ್ನೂ ಮುಚ್ಚಿದಳು.

"ಹಾಗಾದ್ರೆ ಏನ್ ಮಾಡ್ತೀರಿ?"

"ಗೊತ್ತಿಲ್ಲ. ನೀವು ಸ್ವಲ್ಪ ಸುಮ್ನಿರಿ."

(ಸುಮ್ಮನಿದ್ದೆ. ಕತೆಗಾರರಿಗೆ ಇದೊಂದೇ ಬರುವುದಿಲ್ಲ.)

೫

ಅವಳು ಕಿಟಕಿಯ ಬಳಿ ನಿಂತಳು. ಯಂತ್ರ ಉಳಿದು ತನ್ನ ಕೆಲಸ ಹೋದರೆ ಅದರ ಜೊತೆ ಕೊಟ್ಟ ಕೋಣೆಯೂ ಹೋಗುತ್ತಿತ್ತು. ಆದರೆ ಅದಕ್ಕಿಂತ ಹೆಚ್ಚಾಗಿ, ತನ್ನನ್ನು ಯಾರೊಬ್ಬರೂ ಅನುಮಾನಿಸಲಿಲ್ಲವಲ್ಲ ಎಂಬುದೇ ಅವಳನ್ನು ಚುಚ್ಚಿತು. ಬೆಳಕು ಇಳಿಯುವ ಹೊತ್ತಿಗೆ ಶಾಲು ಹೊದ್ದು ಕೆಳಗೆ ಹೋದಳು.

ಓಸ್ತಾಪ್ ನೆಲದ ಮೇಲೆ ವಾಲ್ವುಗಳನ್ನು ಹರಡಿಕೊಂಡು ಕೂತಿದ್ದ.

"ಎಲ್ಲಾ ತಿರುಗಿ ಹಾಕಪ್ಪಾ. ತಪ್ಪು ನಂದು," ಎಂದಳು.

ಅವನು ನಗುತ್ತಾನೆಂದುಕೊಂಡಿದ್ದೆ. ಅವನಿಗೆ ಸಿಟ್ಟು ಬಂತು. ಕಳೆದುಕೊಂಡ ನಿದ್ದೆಗೆಲ್ಲ ಅವಳನ್ನೇ ಬೈದ. ಬೈದು ಸಾಕಾದ ಮೇಲೆ ಅವನೇ ಮೆತ್ತಗಾದ.

"ನೀವು ಹೇಳ್ದೆ ಇದ್ದಿದ್ರೆ ಯಾರಿಗೂ ಗೊತ್ತಾಗ್ತಿರ್ಲಿಲ್ಲ, ಮೆಲಾನಿಯಾ ಪೆಟ್ರಿವ್ನಾ."

"ಅದಕ್ಕೇ, ಮಧ್ಯಾಹ್ನ ಸಿಕ್ಕಿದ್ದನ್ನ ಹೇಳೋಕೆ ಸಂಜೆ ಆಯ್ತು."

ಅವನೆದುರು ಕೂತು ವಾಲ್ವುಗಳನ್ನು ಒಂದೊಂದಾಗಿ ಎತ್ತಿಕೊಡತೊಡಗಿದಳು. ಹಜಾರ ನಿಜಕ್ಕೂ ಬೆಚ್ಚಗಿತ್ತು. ಸ್ವಲ್ಪ ಹೊತ್ತಾದ ಮೇಲೆ ಹೇಳಿದಳು:

"ಇದಕ್ಕೆ ಲೆಕ್ಕ ಹೇಗೆ ಹೇಳ್ತೀಯ, ನಂಗೂ ಕಲಿಸು. ನನ್ನ ಕೆಲಸ ಕಿತ್ಕೊಳ್ಳೋದೇ ಆದ್ರೆ ನನ್ ಹತ್ರಾನೇ ಪಾಠ ಹೇಳಿಸ್ಕೊಂಡು ಕಿತ್ಕೊಳ್ಲಿ."

೬

ಶನಿವಾರ ತಪಾಸಣೆಯವರ ಕಾರು ಹಿಮದಲ್ಲಿ ಹೂತು, ಎಲ್ಲರೂ ಹೋಗಿ ತಳ್ಳಿ ತಂದರು. ಅವರೆದುರು ಯಂತ್ರ ಸರಿಯಾಗಿಯೇ ಲೆಕ್ಕ ಮಾಡಿತು, ಉಳಿಯಿತು.

ಮೆಲಾನಿಯಾಳ ಹುದ್ದೆ? ವಾರಗಳು ಕಳೆದರೂ ಅದರ ಆದೇಶ ಬಂದಿರಲಿಲ್ಲ. ನಾನೇ ಮೂರು ಬಗೆಯ ಆದೇಶ ಬರೆದೆ. ಒಂದರಲ್ಲಿ ಅವಳಿಗೆ ಬಡ್ತಿ, ಇನ್ನೊಂದರಲ್ಲಿ ಮನೆದಾರಿ, ಮೂರನೆಯದು ಅಂಚೆಯಲ್ಲೇ ಕಳೆದುಹೋಗುತ್ತದೆ. ಆರಿಸಿಕೊಳ್ಳಲಿ ಎಂದು ಹಜಾರಕ್ಕೆ ತಂದೆ. ಅವಳು ಯಂತ್ರಕ್ಕೆ ತಾನೇ ಬರೆದ ಮೊದಲ ಲೆಕ್ಕ ಉಣಿಸಿದ್ದಳು. ಅದು ಅರ್ಧಕ್ಕೇ ನಿಂತಿತ್ತು. ನೆರವಿಗೆ ಬಂದ ಓಸ್ತಾಪನನ್ನು ಆಗಲೇ ಮನೆಗೆ ಅಟ್ಟಿದ್ದಳು.

ಕೊನೆಯ ವಾಕ್ಯ ಬರೆಯಬಹುದೇ ಎಂದು ಕೇಳಿದೆ.

"ಈಗ್ಲಾ? ಇದ್ಯಾಕೆ ನಿಂತೋಯ್ತು ಅಂತ ಈಗಿನ್ನೂ ನೋಡ್ತಿದೀನಿ," ಎಂದಳು, ತಲೆಯೆತ್ತದೆ. "ಹೋಗೋವಾಗ ಬಾಗ್ಲು ಎಳ್ಕೊಂಡ್ ಹೋಗಿ."

ಎಳೆದುಕೊಂಡೆ. ಮೂರೂ ಆದೇಶ ಕೈಯಲ್ಲಿ ಹಿಡಿದು ಹೊರಗೆ ಉಳಿದದ್ದು ನಾನೊಬ್ಬನೇ.