ತೋಳಿನ ಕೆಳಗಿನ ಸ್ಟಿಕ್ಕರ್

ಆಯಿಶಮ್ಮನ ಮೃತದೇಹದ ಎಡತೋಳೆತ್ತಿ ನೀರು ಹೊಯ್ಯುತ್ತಿದ್ದ ಹಿರಿಯ ಹೆಂಗಸು ಚೆಂಬನ್ನು ಕೆಳಗಿಟ್ಟಳು. "ಇಲ್ಲಿ ಎಂತದೋ ಅಂಟಿಕೊಂಡಿದೆ. ಇದರಡಿಗೆ ನೀರು ತಾಗದೆ ಮಯ್ಯತ್ತಿನ ಸ್ನಾನ ಮುಗಿಯುವುದಿಲ್ಲ."

ಆಯಿಶಮ್ಮನ ಮಗಳು ನುಸೈಬಾ ಪರದೆ ಸರಿಸಿ ಜಗಲಿಗೆ ಬಂದಳು. ಅಲ್ಲಿ ಸುಗಂಧಿ ಕುಳಿತಿದ್ದಳು. ಮಣಿಪಾಲದ ಒಂದು ಕ್ಲಿನಿಕ್ಕಿನ ಇಸಿಜಿ ಕೋಣೆಯಲ್ಲಿ ಹತ್ತೊಂಬತ್ತು ವರ್ಷ ಆಯಿಶಮ್ಮನ ಜೊತೆ ಕೆಲಸ ಮಾಡಿದವಳು.

"ಸುಗಂಧಿಯಕ್ಕ, ಉಮ್ಮನ ತೋಳಿನಡಿ ಇಸಿಜಿ ಸ್ಟಿಕ್ಕರ್ ಉಂಟು. ಬೆಳಿಗ್ಗೆ ನಿದ್ದೆಯಲ್ಲೇ ಹೋದದ್ದು, ಆಸ್ಪತ್ರೆಗೆ ಕೊಂಡುಹೋಗಲೇ ಇಲ್ಲ. ಇದು ಎಲ್ಲಿಂದ?"

ಸುಗಂಧಿ ಅವಳ ಕೈ ನೋಡಿದಳು. ನಾಳೆಯ ನಿಶ್ಚಿತಾರ್ಥದ ಮದರಂಗಿ ಕಡುಕೆಂಪಾಗಿತ್ತು.

* * *

ನಿನ್ನೆ ಸಂಜೆ ರೋಗಿಗಳೆಲ್ಲ ಹೋದ ಮೇಲೆ ಆಯಿಶಮ್ಮ ತಾನೇ ಮಂಚದ ಮೇಲೆ ಮಲಗಿದ್ದಳು.

"ಎದೆ ಸ್ವಲ್ಪ ಹಿಡಿದ ಹಾಗೆ ಆಗ್ತದೆ. ಒಂದು ಇಸಿಜಿ ತೆಗಿ ಮಾರಾಯ್ತಿ."

ಕಾಗದದ ಗೆರೆ ಸರಿಯಿಲ್ಲದ್ದು ಕಂಡು ಸುಗಂಧಿ ಅದನ್ನು ಹಿಡಿದು ಎದ್ದಳು. "ಈಗಲೇ ಡಾಕ್ಟರಿಗೆ ತೋರಿಸುವ."

"ಅಡ್ಮಿಟ್ ಮಾಡ್ತಾರೆ. ನಿಶ್ಚಿತಾರ್ಥ ಎರಡು ಸಲ ಮುಂದೆ ಹೋಗಿದೆ. ನಾಡಿದ್ದು ಅದೊಂದು ಮುಗಿಯಲಿ, ಸೋಮವಾರ ನಾನೇ ಬಂದು ಮಲಗ್ತೇನೆ. ನುಸೈಬಾಳಿಗೆ ಹೇಳಿದರೆ ನಿನ್ನ ಚಾ ಇನ್ನು ಕುಡಿಯುವುದಿಲ್ಲ ನೋಡು. ಹೇಗೂ ಅದು ಕುಡಿಯುವ ಹಾಗೆ ಇಲ್ಲ."

ಸುಗಂಧಿ ನಕ್ಕು ಹೂಂ ಎಂದುಬಿಟ್ಟಿದ್ದಳು. ಆಯಿಶಮ್ಮನ ಕಾಪುವಿನ ಬಸ್ಸಿಗೆ ಹೊತ್ತಾಯಿತೆಂದು ಇಬ್ಬರಿಗೂ ಅವಸರ. ಎದೆಯ ಆರು ಸ್ಟಿಕ್ಕರುಗಳಲ್ಲಿ ಐದನ್ನೇ ತೆಗೆದದ್ದು ಗೊತ್ತಾಗಲಿಲ್ಲ.

* * *

ಆ ಕಾಗದ ಈಗ ಸುಗಂಧಿಯ ಚೀಲದಲ್ಲಿತ್ತು. ತೋರಿಸಿಯೇ ಬಿಡಬೇಕೆಂದು ಅಲೆವೂರಿನ ತನ್ನ ಮನೆಯಿಂದ ತಂದಿದ್ದಳು. ತೋರಿಸಿದರೆ ಈ ಹುಡುಗಿ ತನ್ನ ನಿಶ್ಚಿತಾರ್ಥದಿಂದಲೇ ಉಮ್ಮ ಹೋದಳೆಂದುಕೊಳ್ಳುವಳು.

"ಹೊಸ ಪ್ಯಾಕೆಟ್ ಬಂದಿತ್ತು ಮಗಾ. ಹೊಸತು ಬಂದರೆ ನಿನ್ನ ಉಮ್ಮ ಮೊದಲು ತನಗೇ ಅಂಟಿಸಿ ಕಿತ್ತು ನೋಡುವುದಲ್ವಾ, ರೋಗಿಗಳಿಗೆ ಉರಿಯುತ್ತದಾ ಅಂತ."

ಆಯಿಶಮ್ಮ ಹಾಗೆ ಮಾಡುತ್ತಿದ್ದದ್ದು ನಿಜ. ನಿನ್ನೆ ಪ್ಯಾಕೆಟ್ ಬಂದಿರಲಿಲ್ಲ.

ನುಸೈಬಾಳ ಮುಖ ಸಡಿಲವಾಯಿತು. "ಉಮ್ಮನಿಗೆ ಮರುಳು. ಇದನ್ನು ಹೇಗೆ ತೆಗೆಯುವುದು? ಮಯ್ಯತ್ತಿಗೆ ನೋವು ಮಾಡಬಾರದು."

"ಎಳೆಯಬೇಡ. ಬಿಸಿನೀರಿನ ಹತ್ತಿ ಇಡು. ಚರ್ಮವನ್ನು ಎರಡು ಬೆರಳಲ್ಲಿ ಒತ್ತಿ ಹಿಡಿದು, ಅಂಚಿನಿಂದ ಮೆಲ್ಲ ಎಬ್ಬಿಸು. ಉಮ್ಮ ಎಲ್ಲರಿಗೂ ಹಾಗೇ ಮಾಡ್ತಿದ್ದದ್ದು."

ನುಸೈಬಾ ಒಳಗೆ ಹೋದಳು. ಸ್ವಲ್ಪ ಹೊತ್ತಿನ ಮೇಲೆ ಬಂದು ಸ್ಟಿಕ್ಕರನ್ನು ಸುಗಂಧಿಯ ಅಂಗೈಯಲ್ಲಿಟ್ಟಳು.

"ಒಂಚೂರೂ ಎಳೆಯಲಿಲ್ಲ ಅಕ್ಕ."

ಮಯ್ಯತ್ತನ್ನು ಮಸೀದಿಗೆ ಎತ್ತಿದಾಗ ಜಗಲಿಯಲ್ಲಿದ್ದವರೆಲ್ಲ ಎದ್ದು ನಿಂತರು. ಸುಗಂಧಿ ಕೈ ಮುಗಿದಳು. ಹೆಗಲುಗಳು ಗೇಟು ದಾಟಿದ ಮೇಲೆ ಕೈ ಬಿಡಿಸಹೋದರೆ ನಡುವೆ ಸ್ಟಿಕ್ಕರು. ಅದರ ಜೆಲ್ ಇನ್ನೂ ಹಸಿಯಾಗಿತ್ತು. ಎರಡೂ ಅಂಗೈಗೆ ಅಂಟಿಕೊಂಡಿತ್ತು.